ಗುಣಪಾಲ ಶೆಟ್ಟರ ಏಳು ಫೇಲುಗಳು

ಬೋಳಾರದ ಗುಣಪಾಲ ಶೆಟ್ಟರ ಮದುವೆಗೆ ಅಡ್ಡ ಬಂದದ್ದು ಶೇಕಡಾವಾರು ಲೆಕ್ಕ. ಜಾತಕ ಕೂಡಿತ್ತು. ಹುಡುಗಿ ಒಪ್ಪಿದ್ದಳು. ಮೇ ತಿಂಗಳ ಚಪ್ಪರಕ್ಕೆ ತೆಂಗಿನ ಗರಿ ಸಹ ಹೇಳಿಯಾಗಿತ್ತು. ಅಷ್ಟರಲ್ಲಿ ಬಳ್ಳಾರಿಯಿಂದ ಬಂದ ಒಬ್ಬ ಹೆಡ್‌ಮಾಸ್ಟರರು ಊರಿನ ಹುಡುಗರು ಏಕೆ ಫೇಲಾಗುತ್ತಾರೆ ಎಂಬುದನ್ನು ಕಂಡುಹಿಡಿದುಬಿಟ್ಟರು.

ಅವರ ಹೆಸರು ಸ್ವಾಮಿರಾಯರು, ಬಿ.ಎ., ಎಲ್.ಟಿ. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ, ಹೆಂಡತಿ ತುಂಗಾಬಾಯಿ, ಒಬ್ಬನೇ ಮಗ ನರಸಿಂಗ ಮತ್ತು ಗೆರೆ ಎಳೆಯುವ ಒಂದು ಉದ್ದನೆಯ ಮರದ ಪಟ್ಟಿ, ಇಷ್ಟರೊಡನೆ ಮಂಗಳೂರಿಗೆ ಬಂದಿಳಿದರು. ಶಾಲೆ ಬಂದರಿನ ಕೊನೆಯಲ್ಲಿ, ಒಂದು ಕಾಲದಲ್ಲಿ ಅಕ್ಕಿಯ ಗೋದಾಮಾಗಿದ್ದ ಕಟ್ಟಡದಲ್ಲಿತ್ತು. ಮಧ್ಯಾಹ್ನ ಗಾಳಿ ತಿರುಗಿದರೆ ಒಣಮೀನಿನ ವಾಸನೆ ಇತಿಹಾಸದ ಕ್ಲಾಸಿಗೂ ಬಂದು ಕೂರುತ್ತಿತ್ತು. ಅಲ್ಲಿಯ ಹುಡುಗರು ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕೊನೆಗೆ ಇಂಗ್ಲಿಷಿನಲ್ಲಿ ಫೇಲಾಗುತ್ತಿದ್ದರು. ಇದು ಹವಾಮಾನದ ಹಾಗೆ ಬಹುಕಾಲದಿಂದ ನಡೆದು ಬಂದಿದ್ದರಿಂದ ಯಾರೂ ಕಾರಣ ಕೇಳಿರಲಿಲ್ಲ.

ರಾಯರು ಕೇಳಿದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ಮತ್ತು ಐದನೆಯ ಫಾರಮ್ಮುಗಳಿಂದ, ಅಂದರೆ ಹೈಸ್ಕೂಲಿನ ಕ್ಲಾಸುಗಳಿಂದ, ಶೇಕಡಾ ನಲವತ್ತು ಹುಡುಗರು ಮಾತ್ರ ಪಾಸಾದದ್ದನ್ನು ಕಂಡು, ಬಾಗಿಲು ಹಾಕಿಕೊಂಡು ಪಾಸು-ಫೇಲಿನ ನಕ್ಷೆಗೆ ಗೆರೆ ಎಳೆಯಲು ಕೂತರು. ಮೊದಲು ಮನೆಮಾತಿನ ಪ್ರಕಾರ ಎಳೆದರು. ತುಳು, ಕೊಂಕಣಿ, ಬ್ಯಾರಿ ಮೂರೂ ಕಂಬಗಳು ಒಂದೇ ಎತ್ತರಕ್ಕೆ ನಿಂತವು. ಅನಂತರ ಮನೆಯ ದೂರದ ಪ್ರಕಾರ ಎಳೆದರು. ಶಾಲೆಯ ಗೋಡೆಗೆ ಒರಗಿದ ಮನೆಯ ಹುಡುಗ ಫೇಲು. ಉಳ್ಳಾಲದಿಂದ ದೋಣಿಯಲ್ಲಿ ಹೊಳೆ ದಾಟಿ ಬರುವವನು ಪಾಸು. ಬೆಳಿಗ್ಗೆ ಏನು ತಿನ್ನುತ್ತಾರೆ ಎಂದು ವಿಚಾರಿಸಿದರೆ ಎಲ್ಲರೂ ಗಂಜಿ ಎಂದರು. ಆ ನಕ್ಷೆಯಲ್ಲಿ ಒಂದೇ ಕಂಬ ಎದ್ದಿತು. ಕೊನೆಗೆ ತಂದೆಯ ಪ್ರಕಾರ ಎಳೆದರು. ಎಳೆದವರು ಪಟ್ಟಿಯನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

ಫೇಲಾದವರಲ್ಲಿ ಏಳು ಮಂದಿಗೆ ಒಬ್ಬನೇ ತಂದೆ. ಗುಣಪಾಲ ಶೆಟ್ಟಿ, ಹಂಚಿನ ವ್ಯಾಪಾರ, ಬೋಳಾರ.

ಇಲ್ಲಿ ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಜಿಲ್ಲೆಯ ಶೆಟ್ಟರ ಮನೆಗಳಲ್ಲಿ ಅಳಿಯಸಂತಾನ ನಡೆಯುತ್ತದೆ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅವರ ಓದು, ಮದುವೆ, ಪುಂಡಾಟ ಎಲ್ಲಕ್ಕೂ ಉತ್ತರ ಕೊಡಬೇಕಾದವನು ತಾಯಿಯ ಅಣ್ಣನೋ ತಮ್ಮನೋ. ಹಲವು ಮನೆಗಳಲ್ಲಿ ತಂದೆ ಎಂಬವರು ವಾರಕ್ಕೊಂದು ಸಂಜೆ ಬಂದು, ಕೈಕಾಲು ತೊಳೆದು, ಊಟ ಮಾಡಿ, ಬೆಳಿಗ್ಗೆ ಮರಳುವ ಮರ್ಯಾದಸ್ಥ ನೆಂಟರು. ಆದ್ದರಿಂದ ಹುಡುಗರನ್ನು ಶಾಲೆಗೆ ಸೇರಿಸಲು ಬಂದ ಸೋದರಮಾವಂದಿರು ‘ತಂದೆ’ ಎಂಬಲ್ಲಿ ತಮ್ಮ ಹೆಸರನ್ನೇ ಹೇಳುತ್ತಾ ಬಂದಿದ್ದರು. ನೆಂಟರ ಹೆಸರು ಬರೆಸಿ ಏನು ಉಪಯೋಗ? ಗುಣಪಾಲ ಶೆಟ್ಟರಿಗೆ ನಾಲ್ವರು ಅಕ್ಕಂದಿರು. ಏಳು ಹುಡುಗರೂ ಆ ಅಕ್ಕಂದಿರ ಮಕ್ಕಳು. ಶೆಟ್ಟರಾದರೋ ಬ್ರಹ್ಮಚಾರಿ.

ಇದು ಶಾಲೆಯ ಗುಮಾಸ್ತ ಬಾಸಿಲ್ ಅವರಿಗೆ ಗೊತ್ತಿತ್ತು. ಜವಾನನಿಗೂ ಗೊತ್ತಿತ್ತು. ಆದರೆ ಎಲ್ಲರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಆ ಊರಿಗೆ ಇರಲಿಲ್ಲ. ಈ ಏಳೂ ಹುಡುಗರು ನಿಜವಾಗಿ ಆ ಒಬ್ಬ ಮನುಷ್ಯನವರೇ ಎಂದು ರಾಯರು ಕೇಳಿದಾಗ ಬಾಸಿಲ್ ಹೌದು, ಒಂದೇ ಮನೆ, ಅವರೇ ಯಜಮಾನರು ಎಂದರು. ಮತ್ತೆ ಇಬ್ಬರೂ ಸುಮ್ಮನಾದರು. ರಾಯರ ಮೌನದಲ್ಲಿ ಒಂದು ಸಿದ್ಧಾಂತ ಹುಟ್ಟುತ್ತಿತ್ತು. ಬಾಸಿಲ್ ಅವರ ಮೌನದಲ್ಲಿ ಮಧ್ಯಾಹ್ನದ ಊಟದ ಯೋಚನೆಯಿತ್ತು.

ಸಿದ್ಧಾಂತ ವಂಶಗುಣದ್ದು. ಗುಣಪಾಲ ಶೆಟ್ಟರನ್ನು ಕಳೆದರೆ ಶಾಲೆಯ ಫಲಿತಾಂಶ ನಲವತ್ತರಿಂದ ಐವತ್ತೈದಕ್ಕೆ ಏರುತ್ತದೆ ಎಂದು ರಾಯರು ಅಂದು ಸಂಜೆ ಹೆಂಡತಿಗೆ ವಿವರಿಸಿದರು. ತಂದೆ ಹೇಗೋ ಮಕ್ಕಳು ಹಾಗೆ. ಬೇಕಾದರೆ ಸ್ವಂತ ಮನೆಯನ್ನೇ ನೋಡಬಹುದು: ತಂದೆ ಪದವೀಧರ, ನಾಲ್ಕನೆಯ ಫಾರಮ್ಮಿನ ನರಸಿಂಗ ಪಾಸು. ಹುಡುಗನ ಬುದ್ಧಿ ತನ್ನ ತಮ್ಮ ಭೀಮಣ್ಣನದು ಎಂದು ತುಂಗಾಬಾಯಿ ಮೊದಲಿನಿಂದಲೂ ನಂಬಿದ್ದಳು. ಭೀಮಣ್ಣ ಬಳ್ಳಾರಿಯಲ್ಲಿ ಹತ್ತಿಯ ದಲ್ಲಾಳಿ. ಸೋದರಮಾವನಿಂದ ಹುಡುಗನಿಗೆ ಬರುವಂಥದ್ದು ಶಾಸ್ತ್ರದಲ್ಲೂ ಇಲ್ಲ, ವಿಜ್ಞಾನದಲ್ಲೂ ಇಲ್ಲ ಎಂದು ರಾಯರು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಮರುದಿನ ಗುಣಪಾಲ ಶೆಟ್ಟರಿಗೆ ಕರೆ ಹೋಯಿತು. ಅವರು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತರು. ತಾವೇ ಮೂರನೆಯ ಫಾರಮ್ಮನ್ನು ಎರಡು ಸಲ ಓದಿ ಬಿಟ್ಟವರಾದ್ದರಿಂದ ಹೆಡ್‌ಮಾಸ್ಟರರ ಕೋಣೆ ಎಂದರೆ ಅವರಿಗೆ ಈಗಲೂ ಭಯವಿತ್ತು.

"ನಿಮ್ಮ ಹುಡುಗರ ವಿಷಯಾರೀ ಶೆಟ್ಟರೇ," ಎಂದರು ರಾಯರು.

"ಏಳೂ ಹೋಯ್ತು ಅಂತ ಬಾಸಿಲ್ ಹೇಳಿದ್ರು. ತಪ್ಪು ನನ್ನದೇ, ಮಾಸ್ಟ್ರೇ."

ಇಷ್ಟು ಬೇಗ ಒಪ್ಪಿಗೆ ಸಿಗುತ್ತದೆಂದು ರಾಯರು ಎಣಿಸಿರಲಿಲ್ಲ. "ನಿಮ್ಮ ವಯಸ್ಸೆಷ್ಟ್ರೀ?"

"ಮೂವತ್ತೊಂದು."

ಏಳರಲ್ಲಿ ದೊಡ್ಡವನಿಗೆ ಹದಿನೆಂಟು. ಮೀಸೆ ಬೋಳಿಸಿ ಶಾಲೆಗೆ ಬರುತ್ತಿದ್ದ. ರಾಯರು ಬ್ಲಾಟಿಂಗ್ ಕಾಗದದ ಮೇಲೆ ಕಳೆದು ನೋಡಿದರು. ಇನ್ನೊಮ್ಮೆ ಕಳೆದರು. ಉತ್ತರ ಬದಲಾಗಲಿಲ್ಲ.

"ಹದಿಮೂರನೇ ವಯಸ್ಸಿಗೇ ಏನ್ರೀ?"

"ಹೌದು," ಎಂದರು ಶೆಟ್ಟರು, ಇದೆಲ್ಲ ಇವರಿಗೆ ಹೇಗೆ ಗೊತ್ತಾಯಿತೆಂದು ಆಶ್ಚರ್ಯಪಟ್ಟು. "ಆಗ ನಮ್ಮ ಹಿರಿಯರು ತೀರಿಹೋದರು. ಮನೆಯಲ್ಲಿ ಬೇರೆ ಗಂಡಸು ಇರ್ಲಿಲ್ಲ. ಎಲ್ಲ ನನ್ನ ತಲೆ ಮೇಲೆ ಬಂತು."

"ಈ ಮಕ್ಕಳ ತಾಯಂದಿರು?"

"ನಾಲ್ಕು ಮಂದಿ. ಎಲ್ಲ ಒಟ್ಟಿಗೇ ಇದ್ದಾರೆ. ಸಣ್ಣ ಪುಟ್ಟ ಮಾತು ಬರ್ತದೆ, ಜಗಳ ಅಂತ ಇಲ್ಲ."

ಗಾಳಿ ತಿರುಗಿತು. ಒಣಮೀನಿನ ವಾಸನೆ ಕೋಣೆಯೊಳಕ್ಕೆ ಬಂತು. ರಾಯರು ಕಿಟಕಿ ಮುಚ್ಚಲಿಲ್ಲ.

"ಇನ್ನು ಸಾಕು ಅಂತ ಹೇಳಬೇಕು ಅನ್ನಿಸಲಿಲ್ಲೇನ್ರೀ ನಿಮಗೆ?"

ಶೆಟ್ಟರು ಗಲಿಬಿಲಿಗೊಂಡರು. "ಅದು ನಾನು ಹೇಳುವ ವಿಷಯವಾ, ಮಾಸ್ಟ್ರೇ?"

"ಮತ್ಯಾರು ಹೇಳಬೇಕ್ರೀ?"

ಕೋಣೆಯ ಬಿಗಿಯನ್ನು ಸ್ವಲ್ಪ ಸಡಿಲಿಸೋಣವೆಂದು ಶೆಟ್ಟರು ಕೈ ಮುಗಿದು, "ಮೇ ತಿಂಗಳಲ್ಲಿ ನನ್ನ ಮದುವೆ ಉಂಟು. ತಾವು ಮನೆಯವರನ್ನು ಕರ್ಕೊಂಡು ಬರ್ಬೇಕು," ಎಂದರು.

ಮರದ ಪಟ್ಟಿ ಮೇಜಿನಿಂದ ಜಾರಿ ಕೆಳಗೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.

"ಹುಡುಗಿಗೆ ಇದೆಲ್ಲ ಗೊತ್ತೇನ್ರೀ?"

"ಎಂತ, ಈ ಮಕ್ಕಳ ವಿಷಯವಾ? ಗೊತ್ತುಂಟಲ್ಲ. ಅವಳೂ ಅಂಥದ್ದೇ ಮನೆಯವಳು. ಮಣ್ಣಗುಡ್ಡದ ಚಿತ್ತರಂಜನ ಶೆಟ್ಟರ ಮನೆ."

ಶೆಟ್ಟರು ಹೊರಗೆ ಬಂದು ಬಾಸಿಲ್ ಅವರ ಮೇಜಿನ ಬಳಿ ನಿಂತು, ಹೊಸ ಹೆಡ್‌ಮಾಸ್ಟರರಿಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು. ಬಳ್ಳಾರಿಯ ಒಣಹವೆಯವರಿಗೆ ಇಲ್ಲಿಯ ಬೆವರು ತಲೆಗೆ ಏರುತ್ತದೆ ಎಂದು ಬಾಸಿಲ್ ಹೇಳಿದರು.

ರಾಯರು ಬಾಡಿಗೆಗೆ ಹಿಡಿದಿದ್ದ ಮನೆ ಬೋಳಾರದಲ್ಲಿ, ಶೆಟ್ಟರ ಹಿತ್ತಲಿಗೆ ತಾಗಿಕೊಂಡೇ ಇತ್ತು. ನಡುವೆ ಎದೆಯೆತ್ತರದ ಮಣ್ಣಿನ ಗೋಡೆ. ಗೋಡೆಯಾಚೆ ಬಟ್ಟೆ ಒಣಹಾಕುವ ನಾಲ್ವರು ಹೆಂಗಸರನ್ನು ತುಂಗಾಬಾಯಿ ಆವರೆಗೆ ಅಕ್ಕತಂಗಿಯರೆಂದು ಭಾವಿಸಿದ್ದಳು. ಭಾವಿಸಿದ್ದು ಸರಿಯಾಗಿಯೇ ಇತ್ತು. ಆದರೆ ಗಂಡ ಬಂದು ವಿಷಯ ತಿಳಿಸಿದ ಮೇಲೆ ಅವಳು ತನ್ನ ಮುಗ್ಧತೆಗೆ ತಾನೇ ನಾಚಿಕೊಂಡಳು.

ಮರುದಿನ ನಾಲ್ವರಲ್ಲಿ ದೊಡ್ಡವಳಾದ ಕುಶಲಾ ಒಂದು ಕಟ್ಟು ಬಸಳೆಯನ್ನು ಗೋಡೆಯ ಮೇಲಿಟ್ಟು ಕರೆದಳು. ತುಂಗಾಬಾಯಿ ಅವಳನ್ನು ಕರುಣೆಯಿಂದ ನೋಡಿ, ನಾಲ್ವರಿಗೂ ಒಂದೇ ಅಡಿಗೆಮನೆಯೇ ಎಂದು ಕೇಳಿದಳು. ಒಂದೇ, ಸಣ್ಣಂದಿನಿಂದಲೂ ಹಾಗೆಯೇ ಎಂದಳು ಕುಶಲಾ. ಸಣ್ಣಂದಿನಿಂದ ಎಂಬ ಮಾತು ತುಂಗಾಬಾಯಿಯ ಎದೆಗೆ ನಾಟಿತು.

"ಅವರಿಗೆ ಈಗ ಮತ್ತೊಂದು ಮದುವಿಯಂತಲ್ಲ," ಎಂದು ತಡೆಯಲಾರದೆ ಅಂದಳು, "ನಿಮಗ ಹೆಂಗನಿಸ್ತದವ್ವಾ?"

‘ಮತ್ತೊಂದು’ ಎಂದದ್ದು ತನ್ನ ಕೊನೆಯ ತಂಗಿಯ ಮದುವೆಯ ನಂತರ ಮನೆಯಲ್ಲಿ ನಡೆಯುವ ಮದುವೆಯ ವಿಷಯವೆಂದು ಕುಶಲಾ ತಿಳಿದಳು. "ಗುಣಪಾಲನಿಗಾ? ನಮಗೆ ಖುಷಿಯೇ. ಹುಡುಗಿಯನ್ನು ನೋಡಿದ್ದೇ ನಾವು ನಾಲ್ಕು ಮಂದಿ ಹೋಗಿ. ನಮ್ಮಿಂದಾಗಿ ಅವನಿಗೆ ಇಷ್ಟು ತಡ ಆದದ್ದು."

ಗಂಡನ ಹೆಸರನ್ನು ಹಿಡಿದು ಕರೆಯುವಷ್ಟು ಈ ಹೆಂಗಸಿನ ಮನಸ್ಸು ಕಲ್ಲಾಗಿದೆಯಲ್ಲ ಎಂದು ತುಂಗಾಬಾಯಿಗೆ ಕಣ್ಣೀರು ಬಂತು. ನೆರೆಯವಳು ಅಳುವುದನ್ನು ಕಂಡು, ಏನೋ ಮನೆಯ ಕಷ್ಟವಿರಬೇಕೆಂದು ಕುಶಲಾಳ ಕಣ್ಣೂ ತುಂಬಿತು. ಗೋಡೆಯ ಎರಡು ಕಡೆ ಇಬ್ಬರೂ ಸ್ವಲ್ಪ ಹೊತ್ತು ಅತ್ತು, ಬಸಳೆಯನ್ನು ಕೊಟ್ಟು ತೆಗೆದುಕೊಂಡು ಒಳಗೆ ಹೋದರು.

ಶನಿವಾರ ಸಂಜೆ ಇನ್ನೂ ಕೆಟ್ಟದ್ದು ಕಂಡಿತು. ಬಿಳಿ ರುಮಾಲು ಸುತ್ತಿದ ಒಬ್ಬ ಗಟ್ಟಿಮುಟ್ಟಾದ ಗಂಡಸು ಶೆಟ್ಟರ ಮನೆಗೆ ಬಂದ. ಕುಶಲಾ ತಲೆಗೆ ಹೂ ಮುಡಿದು ಬಾಗಿಲಲ್ಲಿ ನಿಂತಿದ್ದಳು. ಗುಣಪಾಲ ಶೆಟ್ಟರು ತಾವೇ ಮುಂದೆ ಬಂದು ಆತನ ಕಾಲಿಗೆ ನೀರು ಕೊಟ್ಟರು. ತುಂಗಾಬಾಯಿ ಕಿಟಕಿ ಮುಚ್ಚಿದಳು. ಗಂಡನಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಹೇಳಿದಳು. ರಾಯರು ಆ ಮನೆಯ ವಿಷಯದಲ್ಲಿ ಇನ್ನು ತಮಗೆ ಏನೂ ಆಶ್ಚರ್ಯವಾಗದು ಎಂದರು. ಉಳಿದದ್ದು ಒಂದೇ ಕರ್ತವ್ಯ: ಆ ಹುಡುಗಿಯನ್ನಾದರೂ ಉಳಿಸಬೇಕು.

ಭಾನುವಾರ ಬೆಳಿಗ್ಗೆ ಅವರು ಮಣ್ಣಗುಡ್ಡಕ್ಕೆ ಹೋದರು. ಜಗಲಿಯಲ್ಲಿ ಒಬ್ಬ ಹಿರಿಯರು ಪತ್ರಿಕೆ ಓದುತ್ತಿದ್ದರು. ವಿಚಾರಿಸಿದಾಗ, ಮದುವೆಯ ಹುಡುಗಿ ರತ್ನಾವತಿಯ ತಂದೆ ತಾನೇ ಎಂದರು. ದೇವರೇ ಎದುರಿಗೆ ಸಿಕ್ಕಿದಂತಾಗಿ ರಾಯರು ತಗ್ಗಿದ ದನಿಯಲ್ಲಿ, ನಿಮ್ಮ ಮಗಳ ಬಾಳಿನ ಪ್ರಶ್ನೆ, ದಯವಿಟ್ಟು ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಆರಂಭಿಸಿದರು.

"ಅದನ್ನು ನನ್ನಲ್ಲಿ ಹೇಳಿದರೆ ಎಂತ ಪ್ರಯೋಜನ?" ಎಂದರು ಅವರು ಪತ್ರಿಕೆ ಮಡಚದೆ. "ನಾನು ನಿನ್ನೆ ಸಂಜೆ ಬಂದದ್ದು. ಊಟ ಮಾಡಿ ಹೋಗ್ತೇನೆ. ಅವಳ ಮಾವ ಈಗಷ್ಟೇ ಬಂದರು, ಅವರನ್ನು ಕೇಳಿ."

ಮಾವ ಎಂದರೆ ಚಿತ್ತರಂಜನ ಶೆಟ್ಟರು. ಎಲ್ಲಿಂದಲೋ ಆಗ ತಾನೇ ಬಂದು ತಲೆಯ ಬಿಳಿ ರುಮಾಲನ್ನು ಬಿಚ್ಚುತ್ತಿದ್ದರು. ರಾಯರಿಗೆ ಕುರ್ಚಿ ಹಾಕಿಸಿ, ಕಾಫಿಗೆ ಹೇಳಿ, ಎದುರು ಕೂತರು. ಗುಣಪಾಲ ಶೆಟ್ಟರ ಮನೆಯಲ್ಲಿ ನಾಲ್ವರು ಹೆಂಗಸರಿರುವ ಸಂಗತಿಯನ್ನು ರಾಯರು ಹೇಳಿದರು. ಗೊತ್ತುಂಟು, ಒಳ್ಳೆಯವರು ಎಂದರು ಚಿತ್ತರಂಜನ ಶೆಟ್ಟರು. ಏಳು ಹುಡುಗರಿದ್ದಾರೆ ಎಂದರು ರಾಯರು. ಅದೂ ಗೊತ್ತಿತ್ತು. ಶನಿವಾರ ಸಂಜೆ ಅಲ್ಲಿಗೆ ಯಾರೋ ಒಬ್ಬ ಗಂಡಸು ಬರುತ್ತಾನೆ ಎಂದು ರಾಯರು ನೆಲ ನೋಡುತ್ತ ಹೇಳಿದರು. ಬಾರದೆ ಇರುತ್ತಾನೆಯೇ ಎಂದು ಶೆಟ್ಟರು ರುಮಾಲು ಮಡಚಿ ಪಕ್ಕಕ್ಕಿಟ್ಟರು.

ರಾಯರಿಗೆ ಈ ಊರಿನಲ್ಲಿ ನೆಲವೇ ಸಮತಟ್ಟಾಗಿಲ್ಲ ಅನ್ನಿಸಿತು. ಕೈಯಲ್ಲಿ ಉಳಿದದ್ದು ಒಂದೇ ಮಾತು. ಅದನ್ನು ಸುಮ್ಮನೆ ಬಾಯಿಗೆ ಬಂದಂತೆ ಆಡಿದರು.

"ಆ ಏಳೂ ಫೇಲಾಗ್ಯಾವ್ರೀ."

ಚಿತ್ತರಂಜನ ಶೆಟ್ಟರು ಕಾಫಿಯ ಲೋಟವನ್ನು ಕೆಳಗಿಟ್ಟರು.

"ಎಂತ? ಏಳೂ?"

"ಏಳೂ."

ಜಗಲಿಯಲ್ಲಿ ಪತ್ರಿಕೆ ಮಡಚುವ ಸದ್ದಾಯಿತು. ಒಳಬಾಗಿಲ ಹಿಂದೆ ಬಳೆಗಳ ಸದ್ದು ನಿಂತಿತು. ಅಂದು ಮಧ್ಯಾಹ್ನವೇ ಬೋಳಾರಕ್ಕೆ ಆಳು ಹೋಯಿತು. ಏಳು ಹುಡುಗರಲ್ಲಿ ಒಬ್ಬನನ್ನೂ ದಡ ಸೇರಿಸಲಾಗದವನು ಮನೆಯ ಯಜಮಾನನೇ ಅಲ್ಲ. ಅಂಥವನಿಗೆ ಹುಡುಗಿ ಕೊಡುವುದು ಹೇಗೆ? ವಾರ್ಷಿಕ ಪರೀಕ್ಷೆಯಲ್ಲಿ ಒಬ್ಬನನ್ನಾದರೂ ಪಾಸು ಮಾಡಿಸಿ ತೋರಿಸಲಿ. ಅದುವರೆಗೆ ಚಪ್ಪರದ ಮಾತಿಲ್ಲ.

ರಾಯರು ಮನೆಗೆ ಬಂದು, ಹುಡುಗಿ ಸದ್ಯಕ್ಕೆ ಉಳಿದಳು, ಆದರೆ ಏಕೆ ಉಳಿದಳೆಂದು ತಿಳಿಯಲಿಲ್ಲ ಎಂದರು.

ಮುಂದಿನ ವಾರಗಳಲ್ಲಿ ಗುಣಪಾಲ ಶೆಟ್ಟರನ್ನು ನೋಡಿದವರಿಗೆ ಮರುಕವಾಗುತ್ತಿತ್ತು. ಸಂಜೆ ಹಂಚಿನ ಅಂಗಡಿ ಬೇಗ ಮುಚ್ಚಿ, ಏಳು ಹುಡುಗರನ್ನು ಚಾವಡಿಯಲ್ಲಿ ಸಾಲಾಗಿ ಕೂರಿಸಿ, ನಡುವೆ ತಾವು ಕೂರುತ್ತಿದ್ದರು. ಬೀಜಗಣಿತದ ಪುಸ್ತಕವನ್ನು ಮೊದಲ ಪುಟದಿಂದ ತಾವೇ ಓದತೊಡಗಿ, ಮೂರನೆಯ ಪುಟದಲ್ಲಿ ಎಡವಿ, ದೊಡ್ಡ ಹುಡುಗನನ್ನು ಕೇಳುತ್ತಿದ್ದರು. ಅವನೂ ಅಲ್ಲಿಯೇ ಎಡವಿದವನು. ಬಂದರಿನಲ್ಲಿ ಮಂಜಿ ಎಂಬ ಸರಕಿನ ಹಾಯಿದೋಣಿಯ ಮಾಲಿಕ ಮೊಯ್ದೀನಬ್ಬ ಶೆಟ್ಟರ ಹಳೆಯ ಗೆಳೆಯ. ಹಂಚು ಎಣಿಸುವಾಗ ಶೆಟ್ಟರು ಬಾಯಲ್ಲಿ ಇಂಗ್ಲಿಷ್ ಕ್ರಿಯಾಪದಗಳನ್ನು ಹೇಳುವುದನ್ನು ಕೇಳಿ ಎಣಿಕೆ ನಿಲ್ಲಿಸಿದ.

"ಮದುವೆ ಯಾರಿಗೆ ಮಾರಾಯ, ನಿನಗಾ, ಆ ಪುಸ್ತಕಕ್ಕಾ?" ಎಂದ. "ಏಳು ಮಂದಿಗೂ ಕಲಿಸ್ಬೇಡ. ಒಬ್ಬನನ್ನು ಹಿಡಿ. ದೋಣಿ ಮುಳುಗುವಾಗ ಎಲ್ಲ ಮೂಟೆ ಎತ್ಲಿಕ್ಕೆ ಹೋಗ್ತಾರಾ?"

ಯಾವ ಮೂಟೆ ಎಂದು ಆರಿಸುವುದು ಶೆಟ್ಟರಿಂದ ಆಗಲಿಲ್ಲ. ನಾಲ್ವರು ಅಕ್ಕಂದಿರೂ ನಾಲ್ಕು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮಾರ್ಚಿನ ಕಿರುಪರೀಕ್ಷೆಯಲ್ಲಿ ಒಂದು ವಿಚಿತ್ರ ನಡೆಯಿತು. ಏಳರಲ್ಲಿ ಮೂವರು, ಅದೂ ಕುಶಲಾಳ ಮಕ್ಕಳು, ಕೊಂಚ ಮೇಲಕ್ಕೆ ಎದ್ದರು. ವಂಶಗುಣಕ್ಕೆ ಇದು ಒಗ್ಗುವಂತಿರಲಿಲ್ಲ. ರಾಯರು ಬಾಸಿಲ್ ಅವರನ್ನು ಕೇಳಿದರು. ಆ ಮೂವರು ಭಾನುವಾರ ಮಣ್ಣಗುಡ್ಡಕ್ಕೆ ಹೋಗಿ ರತ್ನಾವತಿಯ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಾರೆ ಎಂದರು ಬಾಸಿಲ್. ಕಾನ್ವೆಂಟಿನಲ್ಲಿ ಓದಿದ ಹುಡುಗಿ, ಬೆತ್ತ ಹಿಡಿದು ಕಲಿಸುತ್ತಾಳಂತೆ.

ಮದುವೆಯಾಗಲಿರುವ ಹುಡುಗಿ ವರನ ಹಳೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ! ರಾಯರಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಭಾನುವಾರ ಮತ್ತೆ ಹೊರಟರು.

ಬಾಸಿಲ್ ಹೇಳಿದ್ದು ನಿಜವಾಗಿತ್ತು. ಜಗಲಿಯಲ್ಲಿ ಮೂವರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ರತ್ನಾವತಿ ಬೆತ್ತ ಹಿಡಿದು ನಿಂತಿದ್ದಳು. ಚಿತ್ತರಂಜನ ಶೆಟ್ಟರು ಆರಾಮಕುರ್ಚಿಯಲ್ಲಿದ್ದರು.

"ಇದು ಬಹಳ ದೊಡ್ಡ ಮನಸ್ಸು ಶೆಟ್ಟರೇ," ಎಂದರು ರಾಯರು. "ಆ ಮನುಷ್ಯನ ಮಕ್ಕಳನ್ನು ನಿಮ್ಮ ಜಗಲಿಯಲ್ಲಿ ಕೂಡ್ರಿಸಿ ಓದಿಸ್ತೀರಲ್ಲ."

"ಯಾವ ಮನುಷ್ಯನ?"

"ಗುಣಪಾಲ ಶೆಟ್ಟರ."

"ಇವು ನನ್ನ ಮಕ್ಕಳು, ಮಾಸ್ಟ್ರೇ," ಎಂದರು ಚಿತ್ತರಂಜನ ಶೆಟ್ಟರು, ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವ ಹಾಗೆ.

ಹುಡುಗರ ಲೇಖನಿಗಳು ನಿಂತವು.

"ಕುಶಲಾ ನನ್ನ ಹೆಂಡತಿ. ಗುಣಪಾಲನ ದೊಡ್ಡ ಅಕ್ಕ. ಉಳಿದ ನಾಲ್ಕು ಹುಡುಗರು ಉಳಿದ ಮೂರು ಅಕ್ಕಂದಿರದ್ದು. ಅವನಿಗೆ ಮಕ್ಕಳು ಎಲ್ಲಿಂದ? ಮದುವೆಯೇ ಆಗ್ಲಿಲ್ಲ." ಶೆಟ್ಟರು ರಾಯರ ಮುಖ ನೋಡಿ ಇನ್ನೂ ಸ್ವಲ್ಪ ವಿವರಿಸಬೇಕೆಂದುಕೊಂಡರು. "ಶನಿವಾರ ಶನಿವಾರ ಬೋಳಾರಕ್ಕೆ ಹೋಗುವುದು ನಾನೇ. ನೀವು ಅವತ್ತು ಹೇಳಿದ್ದು ನನ್ನ ವಿಷಯವೇ ಅಲ್ವಾ?"

ರಾಯರು ಜಗಲಿಯ ಮೆಟ್ಟಿಲ ಮೇಲೆ ಕೂತರು. ನಾಲ್ವರು ಹೆಂಡತಿಯರು, ಹದಿಮೂರರ ತಂದೆ, ಬಿಳಿ ರುಮಾಲು, ಐವತ್ತೈದು ಶೇಕಡಾ, ಒಂದೊಂದೇ ಕಳಚಿ ಬಿದ್ದವು. ಎಲ್ಲ ಬಿದ್ದ ಮೇಲೂ ಒಂದು ಮಾತ್ರ ಬೀಳದೆ ನಿಂತಿತ್ತು.

"ಹಂಗಾದರೆ, ನಿಮ್ಮ ಮಕ್ಕಳು ಫೇಲಾದದ್ದಕ್ಕೆ ನೀವು ಗುಣಪಾಲ ಶೆಟ್ಟರ ಮದುವೆ ನಿಲ್ಲಿಸೀರಿ?"

"ಮತ್ತೆ? ಅವರಿಗೆ ಮಾವ ಅವನಲ್ವಾ?" ಎಂದರು ಚಿತ್ತರಂಜನ ಶೆಟ್ಟರು. "ಫೇಲಾದದ್ದನ್ನು ನನಗೆ ಹೇಳಿದವರೂ ನೀವೇ. ನಾನು ಹೋದಾಗ ಅಲ್ಲಿ ಕೋಳಿಸಾರು ಬಡಿಸ್ತಾರೆ, ಮಾರ್ಕು ಬಡಿಸ್ತಾರಾ? ನನ್ನ ಲೆಕ್ಕಕ್ಕೆ ಬರುವವರು ಇವಳು, ಇವಳ ತಮ್ಮಂದಿರು. ಎಲ್ಲ ಪಾಸು. ವಿಚಾರಿಸಿ ಬೇಕಾದ್ರೆ."

ರಾಯರು ವಿಚಾರಿಸಬೇಕಾಗಿರಲಿಲ್ಲ. ಆ ತಮ್ಮಂದಿರು ಅವರ ನಕ್ಷೆಯಲ್ಲಿ ಪಾಸಿನ ಕಂಬದ ತುದಿಯಲ್ಲೇ ಇದ್ದರು. ಅವರ ‘ತಂದೆ’ ಚಿತ್ತರಂಜನ ಶೆಟ್ಟಿ ಎಂಬ ಆದರ್ಶ ಪುರುಷನ ಬಗ್ಗೆ ಒಂದು ಭಾಷಣ ಮಾಡಬೇಕೆಂದು ರಾಯರು ಗುರುತು ಹಾಕಿಕೊಂಡಿದ್ದರು.

ಆಗ ರತ್ನಾವತಿ ಮುಂದೆ ಬಂದಳು. ಮಾವನ ಎದುರು ಅವಳು ಮಾತಾಡಿದ್ದನ್ನು ಆ ಮನೆಯಲ್ಲಿ ಹೆಚ್ಚು ಮಂದಿ ಕೇಳಿರಲಿಲ್ಲ.

"ಮಾಸ್ಟ್ರೇ, ಕೂತದ್ದು ಸಾಕು," ಎಂದಳು. "ಈ ನಡುವಿನವನಿಗೆ ಜ್ಯಾಮಿತಿ ತಲೆಗೆ ಹತ್ತುವುದಿಲ್ಲ. ನನಗೂ ಅಷ್ಟಕ್ಕಷ್ಟೆ. ಗಲಾಟೆ ಎಬ್ಬಿಸಿದ್ದು ನೀವಲ್ವಾ? ಇವನನ್ನು ನೀವೇ ದಾಟಿಸಿ."

ಬೆತ್ತವನ್ನು ಅವರ ಕೈಗೆ ಕೊಟ್ಟು ಒಳಗೆ ಹೋದಳು.

ಅಂದಿನಿಂದ ಪರೀಕ್ಷೆಯವರೆಗೆ ಸ್ವಾಮಿರಾಯರು ಶಾಲೆ ಬಿಟ್ಟೊಡನೆ ಶೆಟ್ಟರ ಚಾವಡಿಗೆ, ಭಾನುವಾರ ಮಣ್ಣಗುಡ್ಡಕ್ಕೆ ಹೋದರು. ನಡುವಿನವನಿಗೆ ತ್ರಿಕೋನಗಳನ್ನು ತಮ್ಮ ಮರದ ಪಟ್ಟಿಯಿಂದಲೇ ಎಳೆದು ತೋರಿಸಿದರು. ಇತ್ತ ಅವರ ಸ್ವಂತ ಮನೆಯಲ್ಲಿ ನರಸಿಂಗ ಬಂದರಿನಲ್ಲಿ ಗಾಳ ಹಾಕುವುದನ್ನು ಕಲಿತ. ತುಂಗಾಬಾಯಿ ಗಂಡನಿಗೆ ಎರಡು ಸಲ ಹೇಳಿದಳು; ಪದವೀಧರನ ಮಗನಿಗೆ ಏನೂ ಆಗುವುದಿಲ್ಲ ಎಂದು ರಾಯರು ಪಟ್ಟಿ ಬಗಲಲ್ಲಿಟ್ಟು ಹೊರಟರು. ಕುಶಲಾಳಿಗೆ ಅವಳು ತನ್ನ ಕಣ್ಣೀರಿನ ಕಾರಣವನ್ನು ಎಂದೂ ಹೇಳಲಿಲ್ಲ. ಗೋಡೆಯ ಮೇಲೆ ಬಸಳೆ ಮಾತ್ರ ಬರುತ್ತಲೇ ಇತ್ತು.

ಏಪ್ರಿಲಿನಲ್ಲಿ ಬಾಸಿಲ್ ಶಾಲೆಯ ಮೆಟ್ಟಿಲ ಮೇಲೆ ನಿಂತು ಫಲಿತಾಂಶ ಓದಿದರು. ಗುಣಪಾಲ ಶೆಟ್ಟರು ಇಸ್ತ್ರಿಯ ಕೋಟು ತೊಟ್ಟು ಗೇಟಿನ ಹೊರಗೇ ನಿಂತಿದ್ದರು. ಒಳಗೆ ಬರುವ ಧೈರ್ಯ ಇರಲಿಲ್ಲ. ಏಳರಲ್ಲಿ ಆರು ಮಂದಿ ಎಲ್ಲಿದ್ದರೋ ಅಲ್ಲಿಯೇ ಉಳಿದರು. ನಡುವಿನವನು ದಾಟಿದ. ಮೊಯ್ದೀನಬ್ಬ ಆ ಹುಡುಗನನ್ನು ಹೆಗಲ ಮೇಲೆ ಎತ್ತಿಕೊಂಡು ಬಂದರಿನ ತುದಿಯವರೆಗೆ ಹೋದ. ಸಂಜೆ ಮಣ್ಣಗುಡ್ಡದಿಂದ ಒಂದೇ ಮಾತು ಬಂತು: ಗರಿ ತರಿಸಲಿ.

ರಾಯರು ಕತ್ತಲಾಗುವ ಮೊದಲು ಮನೆ ಸೇರಿದರು. ಗೋಡೆಯಾಚೆ ನಾಲ್ವರು ಅಕ್ಕಂದಿರು ಒಟ್ಟಿಗೆ ನಗುತ್ತಿದ್ದರು. ತುಂಗಾಬಾಯಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಅವರದಾತು. ನಮ್ಮ ನರಸಿಂಗಂದು?"

ರಾಯರು ಕೋಟು ಕಳಚಿ ಗೂಟಕ್ಕೆ ಹಾಕಿದರು. ಮರದ ಪಟ್ಟಿಯನ್ನು ಮೂಲೆಗೆ ಒರಗಿಸಿದರು. ಅದು ಜಾರಿತು; ಮತ್ತೆ ಒರಗಿಸಿದರು. ಗೋಡೆಯಾಚೆಯ ನಗೆಯನ್ನು ಸ್ವಲ್ಪ ಹೊತ್ತು ಕೇಳಿದರು.

"ನಿನ್ನ ತಮ್ಮ ಭೀಮಣ್ಣಗ ಒಂದು ಕಾಗದ ಹಾಕು," ಎಂದರು. "ಹುಡುಗ ಫೇಲಾಗ್ಯಾನ. ಇದಕ್ಕ ಏನು ಜವಾಬು ಕೊಡ್ತಾನೋ ಕೇಳು."